ಲದ್ದಿ ಮೇಡಂ

ಮಂಡಕ್ಕಿ ತಂದ ಪ್ಲಾಸ್ಟಿಕ್ ಕವರಿನಲ್ಲೇ
ಇನ್ನೂ ಬಿಸಿ ಆರದ ಲದ್ದಿ ಕಟ್ಟಿಕೊಂಡು
ಎಂಟು ಗಂಟೆಗೇ ನಿಂತಿದ್ದ ಬುಡನ್ ಸಾಬ್
ಪಶು ಆಸ್ಪತ್ರೆಯ ಬಾಗಿಲಲ್ಲಿ,
ಬೀಗರ ಮನೆಗೆ ಫಳಾರ ತಂದವನಂತೆ
ಎರಡೂ ಕೈಯಲ್ಲಿ ಹಿಡಿದು.

ನನ್ನ ಹೆಸರು ನೀಲಾಂಬಿಕೆ. ಸಂಬಳದ ಚೀಟಿಗೆ ಗೊತ್ತು.
ದಾವಣಗೆರೆಗೆ ನಾನು ಲದ್ದಿ ಮೇಡಂ.
ಹತ್ತೊಂಬತ್ತು ವರ್ಷದಿಂದ ಎಮ್ಮೆ ಕುರಿಗಳ ಹೊಟ್ಟೆಯ ಸುದ್ದಿ
ಗಾಜಿನ ಚೂರಿನ ಮೇಲೆ ಓದುತ್ತಿದ್ದೇನೆ.
ಕುದುರೆ ಅಪರೂಪ. ಜಟಕಾ ಹೋದ ಮೇಲೆ
ಊರಲ್ಲುಳಿದದ್ದು ಮದುವೆಯ ಕುದುರೆ ನಾಲ್ಕೋ ಐದೋ.
ಅದರಲ್ಲೊಂದು ಸುರ್ಮಾ,
ಮಂಡಕ್ಕಿ ಭಟ್ಟಿಯ ಹಿಂದೆ, ತಗಡಿನ ಕೆಳಗೆ
ಹೊಟ್ಟಿನ ಹೊಗೆ ಕುಡಿದು ಬೆಳೆದ ಬಿಳಿ ಹೆಣ್ಣು.

"ಮೈ ಇಳಿದೈತ್ರಿ ಮೇಡಂ.
ಹುರುಳಿ ತಿಂತಾಳ, ಎಲ್ಲಿ ಹೊಕ್ಕೈತೋ ಗೊತ್ತಿಲ್ಲ.
ಬಾಲ ಗೋಡೆಗೆ ತಿಕ್ಕಿ ತಿಕ್ಕಿ ಬೋಳು ಮಾಡ್ಕೊಂಡಾಳ,
ವಿಡಿಯೋದಾವ ಹಿಂದಿಂದ ಹಿಡಿಯೋದೇ ಬಿಟ್ಟಾನ."

ಉಪ್ಪುನೀರಲ್ಲಿ ಕದಡಿದೆ. ಚಹಾ ಜಾಲರಿಯಲ್ಲಿ ಸೋಸಿದೆ.
ಕಾದೆ.
ಕಸ ತಳಕ್ಕೆ, ಮೊಟ್ಟೆ ಮೇಲಕ್ಕೆ.
ಮಸೂರದಡಿ ತೇಲಿ ಬಂದವು
ತೆಳು ಸಿಪ್ಪೆಯವು, ಒಳಗೊಂದು ದ್ರಾಕ್ಷಿ ಗೊಂಚಲಿನವು,
ರಕ್ತ ಹೀರುವ ಮನೆತನ.
ಇವುಗಳ ಮರಿ ಕರುಳಿನ ರಕ್ತನಾಳ ಹೊಕ್ಕು
ಅಲ್ಲೇ ಬೀಡುಬಿಡುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ.
ಆಮೇಲೊಂದು ರಾತ್ರಿ ಕುದುರೆ
ತನ್ನ ಪಕ್ಕೆಯನ್ನೇ ತಿರುಗಿ ತಿರುಗಿ ನೋಡಿ
ನೆಲಕ್ಕೆ ಬಿದ್ದು ಹೊರಳುತ್ತದೆ.
ಓಣಿಯವರು ಮೆಣಸಿನಕಾಯಿ ನಿವಾಳಿಸುತ್ತಾರೆ.

ಅವನಿಗೂ ಗೊತ್ತು ಹೊರಳುವುದು.
ಹೋದ ವರ್ಷ ಸುರ್ಮಾಳ ಮರಿ, ಐದು ತಿಂಗಳಿನದು,
ಕೆಮ್ಮುತ್ತಿತ್ತು, ಹೊಟ್ಟೆ ಗಡಿಗೆಯಂತಿತ್ತು,
ಚೆನ್ನಾಗಿ ಮೇದಿದೆ ಅಂದುಕೊಂಡಿದ್ದ.
ಡಾಕ್ಟರು ಕೊಯ್ದಾಗ ಬಕೆಟ್ ಹಿಡಿದವಳು ನಾನು.
ಸಣ್ಣ ಕರುಳಿನ ತುಂಬ ಪೆನ್ಸಿಲುದ್ದದ ಬಿಳಿ ಹುಳ,
ಒಂದಕ್ಕೊಂದು ಹೆಣೆದು ಹಗ್ಗವಾಗಿ,
ಗಾಳಿಗೂ ದಾರಿ ಬಿಡದೆ.
ಅವನು ಏನೂ ಕೇಳಲಿಲ್ಲ.
ಕಾಲಿನ ಗೆಜ್ಜೆ ಬಿಚ್ಚಿ ಜೇಬಿಗಿಟ್ಟುಕೊಂಡು ಹೋದ.
ನಡೆದಷ್ಟು ದೂರವೂ ಕೇಳುತ್ತಿತ್ತು ಆ ಜೇಬು.

ಮಧ್ಯಾಹ್ನ ಭಟ್ಟಿಗೇ ಹೋದೆ.
ಬಾಲದ ಬುಡಕ್ಕೆ ಸೆಲೋಟೇಪ್ ಅಂಟಿಸಿ ಕಿತ್ತೆ,
ಅದು ಬೇರೆ ಹುಳ, ತುರಿಕೆಯದು, ಸಣ್ಣ ಕಳ್ಳ.
ಬಗ್ಗಿದಾಗ ಕಂಡದ್ದು:
ಮುಂಗಾಲ ಕೂದಲಿಗೆ ಹಳದಿ ಕಣ.
"ಅಕ್ಕಿಕಾಳು ಮೇಡಂ, ಮೊನ್ನೆ ಹರಿಹರದ ಮದುವಿದು."

ಬ್ಲೇಡಿನಿಂದ ಕೆರೆದು ಅಂಗೈಗೆ ಹಾಕಿ ತೋರಿಸಿದೆ.
ಸಾಬ್, ಇದು ಯಾರೂ ಕರೆಯದ ಬೀಗತಿಯದು.
ಜೇನಿನಂಥ ನೊಣ, ಕಚ್ಚುವುದಿಲ್ಲ,
ಹಾರುತ್ತಲೇ ಒಂದೊಂದು ಕೂದಲಿಗೆ ಒಂದೊಂದು ಕಾಳು.
ಸುರ್ಮಾ ನೆಕ್ಕುತ್ತಾಳೆ. ನಾಲಿಗೆಯ ಬಿಸಿಗೆ ಅದು ಬಿರಿಯುತ್ತದೆ.
ಜಠರದ ಗೋಡೆಗೆ ಕೊಕ್ಕೆ ಹಾಕಿ
ಮುಂದಿನ ಬೇಸಿಗೆವರೆಗೆ ಬಾಡಿಗೆ ಕೊಡದೆ ಇರುತ್ತದೆ.
ಲದ್ದಿಯಲ್ಲಿ ನನಗಿದರ ಮೊಟ್ಟೆ ಸಿಗುವುದಿಲ್ಲ.
ನನ್ನ ಗಾಜಿಗೂ ಗೊತ್ತಿರದ್ದು ಇರುತ್ತದೆ.

ಟೇಪು ಸುತ್ತಿ ತೂಕ ಲೆಕ್ಕ ಹಾಕಿದೆವು.
ಅಲ್ಲಿಯತನಕ ಅವನು ಕೊಡುತ್ತಿದ್ದದ್ದು
ಭಾವಮೈದುನನ ಕುರಿಗಳ ಔಷಧ, ಅಂದಾಜಿಗೆ, ತಿಂಗಳಾ ತಿಂಗಳಾ.
ಅದನ್ನೇ ಈ ಸಲ ಸರಿಯಾಗಿ ತೂಗಿ ಕುಡಿಸಿ ನೋಡಿದೆವು.
ಒಂಬೈನೂರಿದ್ದ ಮೊಟ್ಟೆ ಎರಡು ವಾರಕ್ಕೆ ಏಳುನೂರೈವತ್ತು.
ರೂಢಿಯಾಗಿಬಿಟ್ಟಿತ್ತು ಹುಳಕ್ಕೆ.
"ನನ್ನ ಸಕ್ಕರಿ ಗುಳಿಗಿ ಇದ್ದಂಗ," ಅಂದ.
ಔಷಧ ಬದಲಾಯಿತು. ಲದ್ದಿ ದಿನಾ ಎತ್ತು ಅಂದೆ.
ಎತ್ತಿದ. ಮತ್ತೆ ಎಣಿಸಿದಾಗ ಐವತ್ತು.
ಸೊನ್ನೆ ಬರಲಿಲ್ಲವೇ ಎಂದು ಪೆಚ್ಚಾದ.
ಸೊನ್ನೆ ಯಾರಿಗೆ ಬಂದಿದೆ, ಸಾಬ್.

ಮೊನ್ನೆ ನನ್ನ ಚಿಕ್ಕಮ್ಮನ ಮಗನ ಮದುವೆ.
ಬ್ಯಾಂಡು. ಪಟಾಕಿ. ಸುರ್ಮಾಳ ಮೇಲೆ ಬೆವರುತ್ತ ನಮ್ಮ ಹುಡುಗ.
ಕಲ್ಯಾಣ ಮಂಟಪದ ಮೆಟ್ಟಿಲಲ್ಲಿ ಆರತಿ ಎತ್ತಿ
ಹೆಂಗಸರು ಹಿಡಿಹಿಡಿ ಎರಚಿದರು ಅರಿಸಿನದ ಅಕ್ಕಿ.
ಅಷ್ಟೂ ಜನರ ಕಾಲ ನಡುವೆ
ಕುಕ್ಕರುಗಾಲಲ್ಲಿ ಕೂತ ಬುಡನ್ ಸಾಬ್
ಅವಳ ಮುಂಗಾಲಿನಿಂದ ಒಂದೊಂದೇ ಹೆಕ್ಕಿ
ಕನ್ನಡಕ ಹಣೆಗೇರಿಸಿ ಹಲ್ಲಲ್ಲಿ ಕಡಿದು ನೋಡಿದ.

ತಲೆ ಎತ್ತಿದವನು ನನ್ನನ್ನು ಕಂಡು,
ಬ್ಯಾಂಡಿನ ಗದ್ದಲದಲ್ಲಿ ಕೂಗಿ ಹೇಳಿದ:
"ಅಕ್ಕಿನ ಅದ, ಮೇಡಂ!"